ಯಾವ ಮಹಡಿಯ ಬಾಗಿಲು

ಲಿಫ್ಟು ಸುಮ್ಮಸುಮ್ಮನೆ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹೇಳುತ್ತಿದ್ದ. ಕರೆಂಟಿದೆ, ಮೋಟಾರು ಸರಿಯಿದೆ, ಹಗ್ಗ ಗಟ್ಟಿಯಿದೆ, ಆದರೂ ಲಿಫ್ಟು ಕದಲುತ್ತಿಲ್ಲ ಎಂದರೆ ಯಾವುದೋ ಒಂದು ಮಹಡಿಯ ಬಾಗಿಲು ಕೂದಲೆಳೆಯಷ್ಟು ತೆರೆದುಕೊಂಡಿದೆ ಎಂದೇ ಅರ್ಥ. ಉಳಿದೆಲ್ಲ ಬಾಗಿಲುಗಳು ಮುಚ್ಚಿದ್ದರೂ ಅದೊಂದು ಸಾಕು. ಒಳಗೆ ಸಿಕ್ಕಿಕೊಂಡವರು ಗುಂಡಿ ಒತ್ತುತ್ತಾರೆ, ಗೋಡೆ ಗುದ್ದುತ್ತಾರೆ, ಕಂಪನಿಯವರ ವಂಶವನ್ನೇ ಬೈಯುತ್ತಾರೆ. ಮೇಸ್ತ್ರಿ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತ, ಒಂದೊಂದೇ ಬಾಗಿಲನ್ನು ಅಂಗೈಯಿಂದ ಒತ್ತಿ ನೋಡುತ್ತ ಹೋಗುತ್ತಾನೆ. ಕೊನೆಗೆ ಒಂದು ಕಡೆ ‘ಟಕ್’ ಎನ್ನುತ್ತದೆ.

ಸೊಸೆಯ ಅರ್ಜಿ ನಿಂತಾಗಲೂ ಅವನು ಇದನ್ನೇ ಹೇಳಿದ.

ಮಗ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜುವ ಕೆಲಸದವನು. ಕಳೆದ ಬೇಸಿಗೆಯಲ್ಲಿ ಗಡಿಯಾಚೆಯ ತಮ್ಮ ಹಳೆಯ ಊರಿಗೆ ಹೋಗಿ ಮದುವೆ ಮಾಡಿಕೊಂಡು, ಹೆಂಡತಿಯನ್ನು ಅವಳ ಅಪ್ಪನ ಮನೆಯಲ್ಲೇ ಬಿಟ್ಟು ಬಂದಿದ್ದ. ಬಿಟ್ಟು ಬರಲೇಬೇಕಿತ್ತು. ಅರ್ಜಿ ಹಾಕಿ, ಅನುಮತಿ ಸಿಕ್ಕ ಮೇಲೆ ಕರೆಸಿಕೊಳ್ಳಬೇಕೆಂಬುದು ಇಲ್ಲಿನ ಕಾನೂನು. ಇವರ ನಂತರ ಅರ್ಜಿ ಹಾಕಿದವರ ಹೆಂಡತಿಯರು ಬಂದಾಗಿತ್ತು, ಇಲ್ಲಿನ ಚಳಿಯನ್ನು ಬೈದಾಗಿತ್ತು, ಕೆಲಸ ಹಿಡಿದಾಗಿತ್ತು. ಒಬ್ಬಳಂತೂ ಬಸುರಿಯೂ ಆಗಿದ್ದಳು. ಇವರ ಫೋನಿನಲ್ಲಿ ಮಾತ್ರ ಅದೇ ಒಂದು ಸಾಲು: ಭದ್ರತಾ ಪರಿಶೀಲನೆ ನಡೆಯುತ್ತಿದೆ, ತಿಳಿಸಲಾಗುವುದು.

“ಇವತ್ತೇನಾದ್ರೂ ಬದಲಾಯ್ತೇನೋ?” ಎಂದು ತಾಯಿ ಆಲೂಗಡ್ಡೆ ಬಡಿಸುತ್ತ ಕೇಳಿದಳು.

“ಅದೇ ಇದೆ.”

“ಸರಿಯಾಗಿ ನೋಡು. ಕನ್ನಡಕದ ಅಂಗಡೀಲಿರೋನು ನೀನು.”

“ಅಕ್ಷರ ಕಾಣ್ತಿಲ್ಲ ಅಂತಲ್ಲಮ್ಮ. ಅಕ್ಷರ ಬದಲಾಗಿಲ್ಲ.”

“ಹಲ್ಲು ಕಟ್ಟೋ ಹುಡುಗಿ ಬಂದ್ರೆ ದೇಶಕ್ಕೇನು ಅಪಾಯ?” ಎಂದಳು ಮಗಳು. “ಕಚ್ತಾಳಾ?”

ಸೊಸೆ ಅಲ್ಲಿ ಒಂದು ದಂತ ಚಿಕಿತ್ಸಾಲಯಕ್ಕೆ ಕಟ್ಟುಹಲ್ಲಿನ ಸೆಟ್ಟು ತಯಾರಿಸಿಕೊಡುವ ಕೆಲಸ ಮಾಡುತ್ತಿದ್ದಳು. ಮಗಳು ಬೇಕರಿಯ ಗಲ್ಲಾದಲ್ಲಿ ಕೂರುವವಳು. ಯಾವ ಮಾತಿಗಾದರೂ ವಾದಕ್ಕೆ ನಿಲ್ಲುವುದರಿಂದ ಮನೆಯಲ್ಲಿ ಅವಳಿಗೆ ವಕೀಲಿ ಎಂದೇ ಹೆಸರು.

“ಸರ್ಕಾರದೋರಿಗೆ ಬೇರೆ ಕೆಲಸ ಇಲ್ವಾ, ಸುಮ್ಮನೆ ತಡೆಯೋಕೆ?” ಎಂದ ಮೇಸ್ತ್ರಿ. “ಎಲ್ಲರದ್ದೂ ಹೋಯ್ತು, ಇವಳದ್ದು ಮಾತ್ರ ನಿಂತಿದೆ. ಎಲ್ಲೋ ಒಂದು ಬಾಗಿಲು ಮುಚ್ಚಿಲ್ಲ.”

“ಅಂದ್ರೆ?”

“ಅಂದ್ರೆ ಅಂದ್ರೆ. ಅವಳು ಏನೋ ಹೇಳಿಲ್ಲ.”

ಮಗ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಿಂದ ನಾಲ್ಕು ಹೋಳು ಮಾಡಿದ. ತಿನ್ನಲಿಲ್ಲ.

ಭಾನುವಾರ ಬಂತೆಂದರೆ ಮನೆ ತುಂಬ ಗಂಡಸರು. ಎಲ್ಲ ಮೇಸ್ತ್ರಿಯ ಕಸುಬಿನವರೇ, ಅವನ ಭಾಷೆಯವರೇ. ಲಿಫ್ಟಿಗೆ ಎಣ್ಣೆ ಹಾಕುವವರು, ಹಗ್ಗ ಬದಲಿಸುವವರು, ಗುಂಡಿಯ ದೀಪ ಹೋದರೆ ಹೊಸದು ಕೂರಿಸುವವರು. ಈ ಊರಿನಲ್ಲಿ ವಿಳಾಸವಿಲ್ಲದೆ ಕೆಲಸವಿಲ್ಲ, ಫೋನಿಲ್ಲ, ಬ್ಯಾಂಕಿಲ್ಲ. ಇವರು ಮಲಗುವ ಜಾಗಗಳೋ ಯಾರ ಲೆಕ್ಕಕ್ಕೂ ಸಿಗದಂಥವು: ಒಬ್ಬ ಗೋದಾಮಿನ ಅಟ್ಟದಲ್ಲಿ, ಇಬ್ಬರು ಒಂದೇ ಮಂಚವನ್ನು ಹಗಲೊಬ್ಬ ರಾತ್ರಿಯೊಬ್ಬ ಎಂದು ಹಂಚಿಕೊಂಡು. ಅಂಥವರಿಗೆಲ್ಲ ಮೇಸ್ತ್ರಿ ತನ್ನ ಮನೆಯ ವಿಳಾಸ ಕೊಟ್ಟಿದ್ದ. ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ ಅವರ ಹೆಸರಿನ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡು ಪೆಟ್ಟಿಗೆಗೆ ಕಜ್ಜಿ ಹತ್ತಿದ ಹಾಗೆ ಕಾಣುತ್ತಿತ್ತು. ಭಾನುವಾರ ಬಂದು ಅಂಚೆ ತೆಗೆದುಕೊಂಡು, ಚಹಾ ಕುಡಿದು, ಬ್ರೆಡ್ಡು ತಿಂದು, ಸರ್ಕಾರಕ್ಕೂ ಹವಾಮಾನಕ್ಕೂ ಶಾಪ ಹಾಕಿ ಹೋಗುತ್ತಿದ್ದರು.

“ಇದು ಮನೇನಾ, ಧರ್ಮಛತ್ರಾನಾ?” ಎಂದು ಹೆಂಡತಿ ಅಡುಗೆಮನೆಯಿಂದಲೇ ಗೊಣಗಿದಳು. ವಾರವಿಡೀ ಶಾಲೆಯೊಂದರ ಅಡುಗೆಮನೆಯಲ್ಲಿ ಹಂಡೆ ತಿಕ್ಕಿ ಬಂದವಳಿಗೆ ಭಾನುವಾರದ ಲೋಟಗಳೂ ಹಂಡೆಗಳಾಗಿಯೇ ಕಾಣುತ್ತಿದ್ದವು.

“ವಿಳಾಸ ಕೊಟ್ರೆ ಏನು ಸವೆದುಹೋಗುತ್ತೇನೇ?” ಎಂದ ಮೇಸ್ತ್ರಿ. ಈ ಊರಿಗೆ ಬಂದ ಹೊಸತರಲ್ಲಿ ಅವನು ಮಲಗುತ್ತಿದ್ದದ್ದು ಒಂದು ಕಟ್ಟಡದ ತಾರಸಿಯಲ್ಲಿದ್ದ ಮೋಟಾರು ಕೋಣೆಯಲ್ಲಿ. ಯಾರಾದರೂ ಗುಂಡಿ ಒತ್ತಿದಾಗಲೆಲ್ಲ ತಲೆದಿಂಬು ನಡುಗುತ್ತಿತ್ತು. ಆಗ ಯಾರೂ ವಿಳಾಸ ಕೊಟ್ಟಿರಲಿಲ್ಲ.

ಆ ಗುಂಪಿನಲ್ಲಿ ಗ್ರೀಸು ಎಂಬುವನೊಬ್ಬನಿದ್ದ. ಎಷ್ಟು ತೊಳೆದರೂ ಕೈಯ ಕಪ್ಪು ಹೋಗದ ಕಾರಣ ಅವನಿಗೆ ಆ ಹೆಸರು. ಮುಂದಿನ ಹಲ್ಲೆರಡು ಇರಲಿಲ್ಲ. ಅವನೂ ಇಲ್ಲೇ ನೆಲೆಸಲು ಅರ್ಜಿ ಹಾಕಿ ಕೂತಿದ್ದ.

“ಸೊಸೆ ಯಾವಾಗ ಬರ್ತಾಳೆ ಮೇಸ್ತ್ರಿ? ನನ್ನ ಬಾಯಿ ಅವಳಿಗೋಸ್ಕರ ಕಾಯ್ತಾ ಇದೆ,” ಎಂದ, ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಮೆತ್ತಗೆ ಮಾಡುತ್ತ.

“ಅದೇ ಗೊತ್ತಾಗ್ತಿಲ್ಲ ಮಾರಾಯ. ಆ ಕಡೆ ಏನೋ ಐಬಿದೆ.”

“ಯಾವ ಕಡೆ?”

“ಹುಡುಗಿ ಕಡೆ.”

ಎಲ್ಲರೂ ಹೌದೆನ್ನುವ ಹಾಗೆ ತಲೆ ಆಡಿಸಿದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದ ಒಬ್ಬ.

ಮೇಸ್ತ್ರಿ ಒಂದೊಂದೇ ಬಾಗಿಲು ಒತ್ತಿ ನೋಡತೊಡಗಿದ್ದು ಹೀಗೆ. ಮೊದಲು ಮದುವೆಯ ಫೋಟೋಗಳು. ಹೆಂಡತಿಯ ಓದುವ ಕನ್ನಡಕ ಹಾಕಿಕೊಂಡು, ಹುಡುಗಿಯ ಕಡೆಯ ಒಂದೊಂದು ಮುಖದ ಮೇಲೂ ಬೆರಳಿಟ್ಟು, “ಇವನ್ಯಾರು? ಇವಳ್ಯಾರು?” ಎಂದು ಮಗನನ್ನು ಕೇಳಿದ. ಮೂರನೆಯ ಫೋಟೋಗೆ ಮಗ ಎದ್ದುಹೋದ.

“ಅವಳಿಗೊಬ್ಬ ಅಣ್ಣ ಇದ್ದಾನಲ್ವಾ?” ಎಂದ ಮೇಸ್ತ್ರಿ ಹೆಂಡತಿಗೆ. “ಒಂದರಲ್ಲೂ ಇಲ್ಲ.”

“ಹಡಗಲ್ಲಿ ಅಡುಗೆ ಮಾಡ್ತಾನಂತೆ. ರಜೆ ಸಿಗಲಿಲ್ಲ ಅಂದ್ರಲ್ಲ.”

“ತಂಗಿ ಮದುವೆಗೆ ಸಿಗದೇ ಇರೋ ರಜೆ! ಹಡಗು ಎಲ್ಲೆಲ್ಲಿ ಹೋಗುತ್ತೋ, ಅವನು ಯಾವ ಯಾವ ಬಂದರಲ್ಲಿ ಇಳೀತಾನೋ. ನೀನು ನೋಡಿದೀಯಾ?”

ಹೆಂಡತಿ ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. ಅವಳಿಗೂ ಒಂದು ಅನುಮಾನವಿತ್ತು. ಮನೆಯಲ್ಲಿ ಒಬ್ಬರಿಗೆ ಬಂದ ನೆಗಡಿ ಎಲ್ಲರಿಗೂ ಹತ್ತುವ ಹಾಗೆ ಇದೂ ಹತ್ತಿತ್ತು. “ಅಲ್ಲಾರೀ, ಹಲ್ಲು ಮಾಡೋಕೆ ಅದೇನೇನೋ ಪುಡಿ, ಆಸಿಡ್ಡು ಎಲ್ಲ ತರಿಸ್ತಾರಂತೆ. ಅವಳ ಹೆಸರಲ್ಲೇ ತರಿಸ್ತಾರಂತೆ.”

“ನೋಡಿದ್ಯಾ!”

“ನಾನೇನೂ ಹೇಳಲಿಲ್ಲಪ್ಪ.”

ಆ ವಾರ ಸೊಸೆಯ ಫೋನು ಬಂದಾಗ ಅವನು ಮಗನ ಕೈಯಿಂದ ಅದನ್ನು ಇಸಿದುಕೊಂಡ. ತೆರೆಯ ಮೇಲೆ ಸೊಸೆಯ ಮುಖ. ಮಾವನನ್ನು ಕಂಡು ಅವಳು ಸರಿಯಾಗಿ ಕೂತಳು.

“ಚೆನ್ನಾಗಿದ್ದೀರಾ ಮಾವ? ಊಟ ಆಯ್ತಾ?”

“ಆಯ್ತಮ್ಮ. ನಿಮ್ಮಣ್ಣ ಈಗ ಎಲ್ಲಿದ್ದಾನೆ?”

“ಅಣ್ಣಾನಾ? ಸಮುದ್ರದಲ್ಲಿದ್ದಾನೆ.”

“ಸಮುದ್ರದಲ್ಲಿ ಅಂದ್ರೆ ಎಲ್ಲಿ?”

“ಅದು... ನೀರಲ್ಲಿ ಮಾವ. ಯಾಕೆ?”

“ಸುಮ್ಮನೆ ಕೇಳಿದೆ. ಆ ಆಸಿಡ್ಡು ಎಲ್ಲ ಯಾರ ಹೆಸರಲ್ಲಿ ಬರುತ್ತೆ?”

“ಒಂದು ಮಾತು ಕೇಳ್ಲಾ ಮಾವ?” ಎಂದು ಸೊಸೆ ಶುರು ಮಾಡಿ, ಹಿಂದಿನಿಂದ ಯಾರೋ ಕೆಮ್ಮಿದ್ದರಿಂದ ತಿರುಗಿ ನೋಡಿ, “ಏನಿಲ್ಲ ಬಿಡಿ. ಅತ್ತೆಗೆ ಕೇಳಿದೆ ಅಂತ ಹೇಳಿ,” ಎಂದಳು.

“ಕಂಡ್ಯಾ?” ಎಂದ ಮೇಸ್ತ್ರಿ ಫೋನು ಮಗನ ಕೈಗಿಡುತ್ತ. “ಬಾಯಿಗೆ ಬಂದಿದ್ದನ್ನ ನುಂಗಿದಳು.”

“ನೀವು ಪೊಲೀಸರ ಥರ ಕೇಳಿದ್ರೆ ಇನ್ನೇನ್ ಮಾಡ್ತಾಳೆ?”

“ನಾನು ಕೇಳದೇ ಇದ್ರೆ ಪೊಲೀಸರೇ ಕೇಳ್ತಾರೆ. ಕೇಳ್ತಾನೇ ಇದ್ದಾರೆ. ಅದಕ್ಕೇ ನಿಂತಿರೋದು.”

ಮಗ ಅವತ್ತು ಅಪ್ಪನೊಡನೆ ಜಗಳವಾಡಿ, ಜಾಕೆಟ್ಟು ಹಾಕಿಕೊಂಡು ಹೊರಗೆ ಹೋದ. ಆದರೆ ಮಾರನೆಯ ವಾರದಿಂದ ಅವನೂ ಬದಲಾದ. ಹೆಂಡತಿಯ ಫೋನು ಯಾಕೆ ಬಿಡುವಿಲ್ಲದೆ ಇತ್ತು, ಯಾರೊಡನೆ ಮಾತಾಡುತ್ತಿದ್ದಳು ಎಂದು ಕೇಳತೊಡಗಿದ. ವಕೀಲಿಗೆ ಅದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. “ಯಾರ ಜೊತೆ? ಅಷ್ಟು ಹೊತ್ತು ಏನು ಮಾತು?” ಮೆತ್ತಗೆ, ಗಾಜು ಉಜ್ಜಿದ ಹಾಗೆ. ಮೊದಲು ದಿನಾ ಮಾತಾಡುತ್ತಿದ್ದವರು ದಿನ ಬಿಟ್ಟು ದಿನ ಮಾತಾಡಿದರು. ಆಮೇಲೆ ವಾರಕ್ಕೊಮ್ಮೆ.

ಮಗ-ಸೊಸೆಗೆಂದು ಖಾಲಿ ಮಾಡಿದ್ದ ಕೋಣೆಯಲ್ಲಿ ಹೊಸ ಮಂಚವಿತ್ತು, ಅರ್ಧ ಖಾಲಿ ಬಿಟ್ಟ ಬೀರು ಇತ್ತು. ತಾಯಿ ಮೊದಲು ಆ ಖಾಲಿ ಅರ್ಧದಲ್ಲಿ ಚಳಿಗಾಲದ ಹೊದಿಕೆ ತುರುಕಿದಳು. ಆಮೇಲೆ ಇಸ್ತ್ರಿ ಪೆಟ್ಟಿಗೆ.

ಕೆಳಗಿನ ಅಂಗಡಿಯ ಕ್ಷೌರಿಕ ಒಂದು ಸಂಜೆ ಮೇಸ್ತ್ರಿಯ ಕುತ್ತಿಗೆಗೆ ಬಟ್ಟೆ ಕಟ್ಟುತ್ತ ಹೇಳಿದ: “ನಿಮ್ಮನ್ನ ವಿಚಾರಿಸ್ಕೊಂಡು ಒಬ್ಬ ಬಂದಿದ್ದ.”

“ಯಾರು?”

“ಗೊತ್ತಿಲ್ಲ. ಒಳ್ಳೆ ಕೋಟು, ಒಳ್ಳೆ ಬೂಟು. ಕೂದಲು ಕತ್ತರಿಸಿಕೊಳ್ಳೋ ನೆಪ. ಕತ್ತರಿಸೋಕೆ ತಲೇಲಿ ಏನೂ ಇರ್ಲಿಲ್ಲ. ಮೇಲಿನ ಮನೇಲಿ ಎಷ್ಟು ಜನ, ಯಾರ್ ಯಾರು ಬರ್ತಾರೆ, ಎಂಥಾ ಜನ ಅಂತ ಕೇಳಿದ.”

“ನೀನೇನಂದೆ?”

“ಹೊಗಳಿದೆ ಮೇಸ್ತ್ರಿ! ದೊಡ್ಡ ಮನಸ್ಸಿನ ಮನುಷ್ಯ, ಭಾನುವಾರ ಆದ್ರೆ ಮೆಟ್ಟಿಲು ತುಂಬ ಗಂಡಸರೇ, ಯಾರು ಬಂದ್ರೂ ಇಲ್ಲ ಅನ್ನಲ್ಲ ಅಂದೆ. ತಲೆ ಅಲ್ಲಾಡಿಸಬೇಡಿ, ಕಿವಿ ಹೋಗುತ್ತೆ.”

ಮೇಸ್ತ್ರಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ಒಳ್ಳೆ ಕೋಟು, ಒಳ್ಳೆ ಬೂಟು. ಅವನ ಲೆಕ್ಕ ಕ್ಷಣದಲ್ಲಿ ಕೂಡಿತು. ಬೀಗರು ಆಳು ಕಳಿಸಿದ್ದಾರೆ! ತಮ್ಮ ಮಗಳ ಐಬು ಮುಚ್ಚಿಕೊಳ್ಳಲು ಹುಡುಗನ ಮನೆಯಲ್ಲಿ ತಪ್ಪು ಹುಡುಕುತ್ತಿದ್ದಾರೆ. ಒಂದು ಪಕ್ಕದ ಕೂದಲು ಉದ್ದ ಉಳಿದದ್ದೂ ತಿಳಿಯದೆ ಎದ್ದು ಮೆಟ್ಟಿಲು ಹತ್ತಿದ.

ಎಲ್ಲರೂ ಊಟಕ್ಕೆ ಕೂತಿದ್ದರು. ಮಗನ ಮುಂದೆ, ನೀರಿನ ಜಗ್ಗಿಗೆ ಒರಗಿಸಿದ ಫೋನಿನಲ್ಲಿ ಸೊಸೆ ಇದ್ದಳು. ವಾರಕ್ಕೊಮ್ಮೆಯ ಮಾತು.

“ಏನಮ್ಮ, ನಿಮ್ಮಪ್ಪ ನಮ್ಮನೆ ವಿಚಾರಿಸೋಕೆ ಆಳು ಇಟ್ಟಿದ್ದಾರಾ?” ಎಂದ ಮೇಸ್ತ್ರಿ, ಬಾಗಿಲಲ್ಲಿ ನಿಂತೇ.

“ಯಾವ ಆಳು ಮಾವ?”

“ಕೋಟಿನೋನು. ನಮ್ಮ ಕೆಳಗೆ ಬಂದು, ಎಷ್ಟು ಜನ ಇದ್ದಾರೆ, ಎಂಥೋರು ಅಂತ ಕೇಳಿದನಂತೆ. ನಾವೇನು ಕಳ್ಳರಾ? ತಡೆದಿರೋದು ನಿನ್ನ ಅರ್ಜಿ. ನಿಮ್ಮಣ್ಣ ಎಲ್ಲಿದ್ದಾನೆ ಅಂತ ಕೇಳಿದ್ರೆ ನೀರಲ್ಲಿ ಅಂತೀಯ.”

“ಅಪ್ಪ, ಸಾಕು,” ಎಂದಳು ವಕೀಲಿ.

“ನೀನು ಸುಮ್ಮನಿರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಜನ—”

“ಮಾವ.” ಸೊಸೆಯ ದನಿ ಜೋರಾಗಲಿಲ್ಲ, ಗಡುಸಾಯಿತು. “ಅರ್ಜಿ ವಿಚಾರಣೆಗೆ ಅಂತ ನನ್ನನ್ನ ಕಚೇರೀಲಿ ಕೂರಿಸಿಕೊಂಡು ಏನು ಕೇಳಿದ್ರು ಗೊತ್ತಾ?”

“ಏನು?”

“ಅಣ್ಣನ ಬಗ್ಗೆ ಒಂದೇ ಪ್ರಶ್ನೆ. ಆಸಿಡ್ಡಿನ ಬಗ್ಗೆ ಒಂದೂ ಇಲ್ಲ. ಉಳಿದಿದ್ದೆಲ್ಲ ನಿಮ್ಮ ಮನೆ ಬಗ್ಗೆ. ಆ ಕೋಟಿನೋನೂ ಅವರ ಕಡೆಯೋನೇ ಇರ್ಬೇಕು. ಆ ವಿಳಾಸದಲ್ಲಿ ಒಂಬತ್ತು ಜನ ಗಂಡಸರಿದ್ದಾರೆ, ಅದರಲ್ಲಿ ನಿಮ್ಮ ಗಂಡ ಯಾರು ಅಂದ್ರು.”

ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು.

“ಒಬ್ಬೊಬ್ಬರ ಹೆಸರು ಓದಿ ಇವರು ನಿಮಗೇನಾಗಬೇಕು ಅಂತ ಕೇಳಿದ್ರು. ನನಗೊಂದು ಹೆಸರೂ ಗೊತ್ತಿಲ್ಲ. ಗೊತ್ತಿಲ್ಲ, ಗೊತ್ತಿಲ್ಲ ಅಂದೆ. ಅವರು ನಗಲಿಲ್ಲ. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ರು, ಬಾಗಿಲು ತೆರೆದೇ ಇತ್ತು. ಅವತ್ತಿಂದ ಅಪ್ಪ ಅಂತಿದ್ದಾರೆ, ಆ ಮನೆಗೆ ಕಳಿಸಲ್ಲ, ಒಂಬತ್ತು ಗಂಡಸರ ಮನೆಗೆ ಮಗಳನ್ನ ಕಳಿಸೋಕೆ ನನಗೇನು ಹುಚ್ಚಾ ಅಂತ. ನಾನೇ ತಡೆದು ಇಟ್ಕೊಂಡಿದ್ದೀನಿ. ನಿಮ್ಮನ್ನ ಹೇಗೆ ಕೇಳೋದು? ಮಾವನ್ನ ಕೇಳೋ ಮಾತಾ ಇದು? ನೀವು ನೋಡಿದ್ರೆ ನನ್ನನ್ನೇ...”

ಮುಂದಿನದನ್ನು ಹೇಳದೆ ಅವಳು ಫೋನಿಟ್ಟಳು. ತೆರೆ ಕಪ್ಪಾಗಿ, ಅದರಲ್ಲಿ ನೀರಿನ ಜಗ್ಗಿನ ಹಿಡಿ ಕಾಣಿಸಿತು.

ಮೇಸ್ತ್ರಿ ಕುರ್ಚಿ ಎಳೆದು ಕೂತ. ಹೆಂಡತಿ ಅವನ ತಟ್ಟೆಗೆ ಅನ್ನ ಹಾಕಿದಳು. ಹಾಕಿದ ರೀತಿಗೆ ಅನ್ನ ಮೇಜಿನ ಮೇಲೂ ಚೆಲ್ಲಿತು.

“ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆ ನೊಣ ಓಡಿಸೋಕೆ ಹೋದ್ರಂತೆ,” ಎಂದಳು.

“ನೀನೂ ಹೇಳಿದ್ಯಲ್ಲ, ಆಸಿಡ್ಡು ಅಂತ.”

“ಹೇಳಿದೆ. ನನ್ನ ನಾಲಿಗೆಗೂ ಬೆಂಕಿ ಬೀಳ. ಆದ್ರೆ ಧರ್ಮಛತ್ರ ಅಂತ ಎಷ್ಟು ಸಲ ಬಡ್ಕೊಂಡೆ? ಏನಂದ್ರಿ? ವಿಳಾಸ ಸವೆಯುತ್ತಾ ಅಂದ್ರಿ. ಈಗ ಸವೀತಲ್ಲ, ನಿಮ್ಮ ಮಗನ ಸಂಸಾರ.”

ಮಗ ಅಪ್ಪನ ಕಡೆ ನೋಡಲಿಲ್ಲ. “ನಾನು ಅವಳನ್ನ ಯಾರ ಜೊತೆ ಮಾತಾಡ್ತಿದ್ದೆ ಅಂತ ಕೇಳ್ತಿದ್ದೆ,” ಎಂದ, ತಟ್ಟೆಯ ಅನ್ನಕ್ಕೆ ಹೇಳುವ ಹಾಗೆ. “ಅವರಪ್ಪನ ಜೊತೆ ಜಗಳ ಆಡ್ತಿದ್ದಳು. ನನಗೋಸ್ಕರ.”

ಮೇಸ್ತ್ರಿಗೆ ಕೂರಲಾಗಲಿಲ್ಲ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಗಿಳಿದು, ಅಂಚೆ ಪೆಟ್ಟಿಗೆಯ ಮೇಲಿನ ಚೀಟಿಗಳನ್ನು ಕೆರೆಯತೊಡಗಿದ. ಹಳೆಯ ಅಂಟು, ಬೇಗ ಬಿಡಲಿಲ್ಲ. ಕ್ಷೌರಿಕ ಅಂಗಡಿಯಿಂದ ಇಣುಕಿ, “ಬಲಗಡೆ ಬಾಕಿ ಇದೆ ಮೇಸ್ತ್ರಿ, ಬನ್ನಿ,” ಎಂದ. ಅವನು ತಿರುಗಿಯೂ ನೋಡಲಿಲ್ಲ.

ಭಾನುವಾರ ಗಂಡಸರು ಬಂದರು. ಮೇಸ್ತ್ರಿ ಎದ್ದು ನಿಂತು ಹೇಳಿದ. ಕೂತು ಹೇಳುವ ಮಾತಾಗಿರಲಿಲ್ಲ.

“ಇನ್ಮೇಲೆ ನನ್ನ ವಿಳಾಸ ಬೇಡ. ಸೊಸೆ ಅರ್ಜಿ ಅದರಿಂದಲೇ ನಿಂತಿದೆ. ಎಲ್ಲಾದ್ರೂ ಬೇರೆ ಮಾಡ್ಕೊಳ್ಳಿ.”

ಲೋಟಗಳು ಮೇಜಿನ ಮೇಲೆ ಇಳಿದವು. “ಹುಡುಗಿ ಕಡೆ ಐಬಿದೆ ಅಂದಿದ್ರಿ?” ಎಂದ ಹಿಂದೆ ತಲೆಯಾಡಿಸಿದ್ದ ಒಬ್ಬ.

“ಅಂದಿದ್ದೆ.”

“ಯಾರೋ ಹೇಳಿಕೊಟ್ಟಿದ್ದಾರೆ ನಿಮಗೆ,” ಎಂದ ಇನ್ನೊಬ್ಬ. “ನಮ್ಮಲ್ಲೇ ಯಾರೋ ಚಾಡಿ ಹೇಳಿರಬೇಕು.” ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅನುಮಾನದ ನೆಗಡಿ ಅಲ್ಲಿಗೂ ದಾಟಿತು. ಇಷ್ಟು ದಿನ ಉಂಡ ಉಪ್ಪು ನೆನೆದು ಕೆಲವರು ಸರಿ ಎಂದರು, ಕೆಲವರು ಚಹಾ ಅರ್ಧಕ್ಕೇ ಬಿಟ್ಟು ಹೋದರು. ಗ್ರೀಸು ಮಾತ್ರ ಕೂತೇ ಇದ್ದ.

“ನನ್ನ ಅರ್ಜಿ ಇದೇ ವಿಳಾಸದಲ್ಲಿದೆ ಮೇಸ್ತ್ರಿ. ಬದಲಾಯಿಸಿದ್ರೆ ಮತ್ತೆ ಸಾಲಿನ ಬಾಲದಿಂದ ಶುರು. ಅಷ್ಟೊತ್ತಿಗೆ ಇರೋ ಹಲ್ಲೂ ಉದುರಿರುತ್ತೆ.” ನಗಲು ನೋಡಿದ, ಆಗಲಿಲ್ಲ. “ಪರವಾಗಿಲ್ಲ. ಬದಲಾಯಿಸ್ತೀನಿ.”

ಎದ್ದು ಲೋಟವನ್ನು ತಾನೇ ತೊಳೆಯಲು ಹೋದ. ಕಪ್ಪು ಕೈ, ಬಿಳಿ ನೊರೆ. ಮೇಸ್ತ್ರಿ ನಲ್ಲಿಯ ಸದ್ದು ಕೇಳುತ್ತ ನಿಂತ.

“ಅಣ್ಣ, ನೀವು ಮಲಗೋದು ಎಲ್ಲಿ?” ಎಂದು ವಕೀಲಿ ಗ್ರೀಸನ್ನು ಕೇಳಿದಳು.

“ಗೋದಾಮಿನ ಅಟ್ಟ.”

“ಇಲ್ಲೇ ಬಂದಿರಿ. ವಿಳಾಸದಲ್ಲಿರೋರು ನಿಜವಾಗ್ಲೂ ಮನೇಲಿದ್ರೆ ತಪ್ಪೇನು? ಉಳಿದೋರು ಹೋದ್ರು, ಇವರೊಬ್ಬರಿದ್ದಾರೆ ಅಂತ ಕಚೇರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳೋಣ.”

ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ನಲ್ಲಿ ನಿಲ್ಲಿಸಿದಳು.

“ಅಡುಗೆಮನೆ ಪಕ್ಕದ ಪಡಸಾಲೆ ಇದೆ,” ಎಂದಳು. “ಆದ್ರೆ ಗೊರಕೆ ಹೊಡೆದ್ರೆ ಒಂದು ಚೊಂಬು ನೀರು ಸುರೀತೀನಿ. ಈಗಲೇ ಹೇಳಿದೀನಿ.”

ಕಚೇರಿಗೆ ಮೇಸ್ತ್ರಿ, ಮಗಳು, ಗ್ರೀಸು ಮೂವರೂ ಹೋದರು. ಗಾಜಿನ ಹಿಂದಿದ್ದವಳು ಎಲ್ಲ ಕೇಳಿಸಿಕೊಂಡಳು, ಏನೋ ಬರೆದುಕೊಂಡಳು. “ಇದರಿಂದ ಕೆಲಸ ಬೇಗ ಆಗುತ್ತಾ ತಾಯಿ?” ಎಂದ ಮೇಸ್ತ್ರಿ. “ಹೇಳೋಕಾಗಲ್ಲ,” ಎಂದು ಅವಳು ಮುಂದಿನವರನ್ನು ಕರೆದಳು.

ಸೊಸೆ ಎರಡು ವಾರ ಫೋನೆತ್ತಲಿಲ್ಲ. ಮೂರನೆಯ ವಾರ ಅವಳೇ ಮಾಡಿದಳು. ಮಗನಿಗಲ್ಲ, ಮೇಸ್ತ್ರಿಗೆ. ಅವಳ ಹಿಂದೆ ಕುರ್ಚಿಯಲ್ಲಿ ಅವಳಪ್ಪ ಕೈಕಟ್ಟಿ ಕೂತಿದ್ದರು. ನಮಸ್ಕಾರ ಮಾಡಲಿಲ್ಲ.

“ತಪ್ಪಾಯ್ತಮ್ಮ,” ಎಂದ ಮೇಸ್ತ್ರಿ. ಬೆಳಗ್ಗೆಯಿಂದ ಇನ್ನೂ ಉದ್ದದ ಮಾತೊಂದನ್ನು ಜೋಡಿಸಿಟ್ಟುಕೊಂಡಿದ್ದ. ಬಂದದ್ದು ಇಷ್ಟೇ.

“ಈಗ ಮನೇಲಿ ಎಷ್ಟು ಜನ ಗಂಡಸರು ಮಾವ?”

“ಮೂವರು. ನಾನು, ನಿನ್ನ ಗಂಡ, ಗ್ರೀಸು ಅಂತ ಒಬ್ಬ. ಪಡಸಾಲೇಲಿ ಮಲಗ್ತಾನೆ.”

“ತೋರಿಸಿ.”

“ಏನು?”

“ಮನೆ. ಫೋನು ತಿರುಗಿಸಿ ತೋರಿಸಿ. ಅಪ್ಪ ನೋಡ್ಬೇಕಂತೆ.” ತುಸು ತಡೆದು, “ನಾನೂ,” ಎಂದಳು.

ಮೇಸ್ತ್ರಿ ಎದ್ದ. ಫೋನನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ನಡೆದ. ಹೆಂಡತಿ ಸೆರಗು ಸರಿಮಾಡಿಕೊಂಡು ಗೋಡೆಗೆ ಸರಿದಳು. ಪಡಸಾಲೆಯಲ್ಲಿ ಗ್ರೀಸು ಎದ್ದು ನಿಂತು, ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದ. “ಕೈ ತೆಗೆಯೋಕೆ ಹೇಳಿ,” ಎಂದಿತು ಫೋನು. ಅವನು ತೆಗೆದ. ಸೊಸೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

“ಮೇಲ್ದವಡೆ ಎರಡು. ಪಕ್ಕದ್ದೂ ಅಲ್ಲಾಡ್ತಾ ಇರಬೇಕು. ಮುಂದೆ ಹೋಗಿ.”

ಸ್ನಾನದ ಮನೆ. ಬಾಗಿಲ ಹಿಂದೆ. ವಕೀಲಿಯ ಕೋಣೆ, ಅಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಮಂಚದ ಕೆಳಗೆ,” ಎಂದಿತು ಫೋನು. ಮೇಸ್ತ್ರಿ ಮೊಣಕಾಲೂರಿ ಬಗ್ಗಿದ, ಕೀಲು ಲಟಕ್ಕೆಂದಿತು. ಒಂದು ಚಪ್ಪಲಿ, ಧೂಳು. ಅವನು ಒಂದೊಂದು ಬಾಗಿಲನ್ನೂ ತೆರೆದು ತೋರಿಸಿ, ಹೊರಬಂದು, ಅಂಗೈಯಿಂದ ಒತ್ತಿ ಮುಚ್ಚುತ್ತ ಹೋದ. ಆ ಅಭ್ಯಾಸ ಕೈಗಿತ್ತು.

ಕೊನೆಯದು ಮಗನ ಕೋಣೆ. ಮಗ ಕಿಟಕಿಯ ಬಳಿ ನಿಂತಿದ್ದ. ಸೊಸೆಯ ಕಣ್ಣು ಅವನ ಮೇಲೆ ನಿಲ್ಲಲಿಲ್ಲ, ಅಥವಾ ನಿಂತಿತೋ ಮೇಸ್ತ್ರಿಗೆ ತಿಳಿಯಲಿಲ್ಲ.

“ಬೀರು ತೆಗೀರಿ.”

ತೆಗೆದ. ಹೊದಿಕೆ, ಇಸ್ತ್ರಿ ಪೆಟ್ಟಿಗೆ, ಯಾವಾಗಲೋ ಸೇರಿಕೊಂಡ ಹಳೆಯ ಡಬ್ಬಗಳು.

“ಇದರಲ್ಲಿ ಅರ್ಧ ನನಗೆ ಅಂತ ಹೇಳಿದ್ರಿ.”

ಮೇಸ್ತ್ರಿ ಫೋನನ್ನು ಮಂಚದ ದಿಂಬಿಗೆ ಒರಗಿಸಿಟ್ಟು, ಹೊದಿಕೆ ಹೊರಗೆಳೆದು ಮಗನ ಕೈಗೆ ಕೊಟ್ಟ. ಇಸ್ತ್ರಿ ಪೆಟ್ಟಿಗೆ, ಡಬ್ಬಗಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಂದೊಂದನ್ನೇ ಇಸಿದುಕೊಂಡಳು. ಬೀರುವಿನ ಅರ್ಧ ಖಾಲಿಯಾಯಿತು. ಅವನು ಅಂಗಿಯ ತೋಳಿನಿಂದ ಹಲಗೆ ಒರೆಸಿ, ಪಕ್ಕಕ್ಕೆ ಸರಿದು ನಿಂತ.

ದೂರದಲ್ಲಿ ಅವಳಪ್ಪ ಏನೋ ಅಂದರು. ಕೇಳಿಸಲಿಲ್ಲ. ಸೊಸೆ ತಿರುಗಿ ಏನೋ ಉತ್ತರ ಕೊಟ್ಟಳು. ಅದೂ ಕೇಳಿಸಲಿಲ್ಲ.

“ಎಲ್ಲ ನೋಡಿದೆಯೇನಮ್ಮ?” ಎಂದ ಮೇಸ್ತ್ರಿ. “ಈಗಲಾದ್ರೂ ನಂಬಿಕೆ ಬಂತಾ?”

ಅವಳು ಮುಖ ತೆರೆಯ ಹತ್ತಿರಕ್ಕೆ ತಂದಳು. ನಗುತ್ತಿದ್ದಾಳೋ ಇಲ್ಲವೋ, ಅಷ್ಟು ಹತ್ತಿರದಲ್ಲಿ ಹೇಳುವಂತಿರಲಿಲ್ಲ.

“ಪರಿಶೀಲನೆ ನಡೀತಿದೆ ಮಾವ,” ಎಂದಳು. “ತಿಳಿಸಲಾಗುವುದು.”